ಮಾದರಿ ತೋಟದ ಹಳದಿ ಎಲೆಗಳು

ಎಲೆ ಮತ್ತು ಮಣ್ಣು ಪರೀಕ್ಷಾ ಕೇಂದ್ರದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿಯ ಗೋಡೆಯ ಮೇಲೆ ಎರಡು ವರ್ಷಗಳಿಂದ ನೇತಾಡುತ್ತಿರುವ ‘ಮಾದರಿ ಸೇಬಿನ ತೋಟ’ ಎಂಬ ಚಿತ್ರವನ್ನು ದಯವಿಟ್ಟು ಇಳಿಸಿ. ಅದರಲ್ಲಿ ಮರಕ್ಕೆ ಕೈಯೂರಿ ನಗುತ್ತಿರುವವನು ಶುದ್ಧ ಪೆದ್ದ. ಇದು ಮಾನಹಾನಿಯ ಮಾತಲ್ಲ, ಅವನು ನಾನೇ. ಇದನ್ನು ನಾಲ್ಕು ಸಲ ಅರ್ಜಿ ಬರೆದು ತಿಳಿಸಿದ್ದೇನೆ; ಕೇಳುವವರಿಲ್ಲದ್ದರಿಂದ ಈ ಐದನೆಯದನ್ನು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ತಾನು ಅಯೋಗ್ಯನೆಂದು ಒಬ್ಬ ಮನುಷ್ಯ ಲಿಖಿತವಾಗಿ ಒಪ್ಪಿಕೊಂಡರೂ ನಂಬದ ಕಚೇರಿಯನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ.

ನಾನು ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು. ಎದುರಿಗೆ ಕೂತವರ ಕಾಲರ್ ಸರಿಮಾಡದೆ, ಗಲ್ಲ ಒಂದಿಷ್ಟು ಎತ್ತಿಸದೆ ಕ್ಲಿಕ್ ಮಾಡಿದವನಲ್ಲ. ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿ, ಅಕ್ಕನ ಅರವತ್ತು ಸೇಬಿನ ಮರಗಳ ಉಸ್ತುವಾರಿಗೆ ಬಂದೆ. ಉಸ್ತುವಾರಿ ಎಂದರೆ ಅಕ್ಕ ದುಡಿಯುವುದು, ನಾನು ಕಾಗದಪತ್ರ ನೋಡುವುದು. ಎಲೆಗಳಲ್ಲಿ ನರ ಮಾತ್ರ ಹಸಿರಾಗಿ ಉಳಿದು ನಡುವೆಲ್ಲ ಹಳದಿಯಾಗತೊಡಗಿದಾಗ ಅಕ್ಕ, “ಇವಕ್ಕೆ ಹೊಟ್ಟೆಗೆ ಏನೋ ಸಾಲ್ತಿಲ್ಲ ಕಣೋ. ಪರೀಕ್ಷೆಗೆ ಎಲೆ ಕಳಿಸು” ಎಂದಳು. ಕಳಿಸಿದೆ. ಎಲ್ಲಿಂದ? ಪಾತ್ರೆ ತೊಳೆಯುವ ಕಟ್ಟೆಯ ಪಕ್ಕದಲ್ಲಿ, ಅಡುಗೆಮನೆಯ ಕಸವೆಲ್ಲ ತಿಂದು ಕೊಬ್ಬಿದ ಒಂದೇ ಒಂದು ಮರದಿಂದ. ಅದೂ ನಲವತ್ತು ಎಲೆ ಆರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮಡಿಕೆ ಬೀಳದಂತೆ ಲಕೋಟೆಗೆ ಹಾಕಿ.

“ಲೋ, ಸೊರಗಿರೋ ಮರದ್ದು ಕೀಳೋ. ಚೆನ್ನಾಗಿರೋದು ಕಳಿಸಿ ಬಹುಮಾನ ತಗೋತೀಯಾ?” ಎಂದು ಅಕ್ಕ ಕೂಗಿದಳು.

“ಹೊರಗಿನವರ ಕಣ್ಣಿಗೆ ಬೀಳೋದು ಅಚ್ಚುಕಟ್ಟಾಗಿರಬೇಕಕ್ಕಾ, ನಿನಗೆ ಗೊತ್ತಾಗಲ್ಲ” ಎಂದೆ.

ಬಹುಮಾನವೇ ಬಂತು. ಯಾವ ಪೋಷಕಾಂಶದ ಕೊರತೆಯೂ ಇಲ್ಲ, ಗೊಬ್ಬರ ಅನಗತ್ಯ ಎಂಬ ವರದಿ, ಜೊತೆಗೊಂದು ಪ್ರಶಸ್ತಿಪತ್ರ. ಚಿತ್ರ ಕಳಿಸಿ ಎಂದಿರಿ; ಅದೇ ಮರದ ಪಕ್ಕ ನಿಂತು, ಬೆಳಕು ನೋಡಿ ತೆಗೆಸಿಕೊಂಡೆ. ಅಕ್ಕ ತರಿಸಿಟ್ಟಿದ್ದ ಗೊಬ್ಬರವನ್ನು ವಾಪಸು ಕಳಿಸಿದೆ. ಅವಳು ಒಂದು ವಾರ ನನ್ನೊಡನೆ ಮಾತು ಬಿಟ್ಟಳು, ಹೊಟ್ಟೆಕಿಚ್ಚು ಎಂದುಕೊಂಡೆ. ಈ ವರ್ಷ ಕಾಯಿ ನಿಂಬೆಹಣ್ಣಿನಷ್ಟಾಗುವ ಹೊತ್ತಿಗೇ ಉದುರತೊಡಗಿದಾಗ ಬುದ್ಧಿ ಬಂತು.

ನನ್ನ ದಡ್ಡತನಕ್ಕೆ ನಿಮ್ಮನ್ನು ದೂರುವುದಿಲ್ಲ. ಆದರೆ ಮಾನ್ಯರೇ, ಒಂದು ತೋಟವನ್ನು ಮಾದರಿ ಎಂದು ಸಾರುವ ಮೊದಲು ನಿಮ್ಮವರಲ್ಲಿ ಒಬ್ಬರಾದರೂ ಅದರೊಳಗೆ ಕಾಲಿಡಬೇಕೆಂಬ ನಿಯಮವಿಲ್ಲವೇ? ಎಂಥ ಮರದಿಂದ ಎಲೆ ಕೀಳಬೇಕೆಂದು ನಿಮ್ಮ ಅರ್ಜಿ ನಮೂನೆಯಲ್ಲಿ ಒಂದು ಸಾಲು ಹಾಕಿದ್ದರೆ ಶಾಯಿ ಮುಗಿದುಹೋಗುತ್ತಿತ್ತೇ? ಅರ್ಜಿದಾರನ ಅಜ್ಜನ ಹೆಸರಿಗೆ ಅದರಲ್ಲಿ ಜಾಗವಿದೆ. ಯಾವುದರ ಕೊರತೆ ಎಂದು ತಿಳಿಯದೆ ಮರಕ್ಕೆ ಏನು ಕೊಡುವುದು? ಹೋದ ತಿಂಗಳು ಮರುಪರೀಕ್ಷೆ ಕೇಳಲು ಬಂದಾಗ ನಿಮ್ಮ ಗುಮಾಸ್ತರು ಕತ್ತೆತ್ತದೆ, “ಮಾದರಿ ತೋಟದಲ್ಲಿ ಕೊರತೆ ಇರೋಕಾಗಲ್ಲ ಸಾರ್. ಐದು ವರ್ಷ ಮರುಪರೀಕ್ಷೆ ಇಲ್ಲ. ಬೇಕಾದ್ರೆ ಗೋಡೆ ನೋಡಿ” ಎಂದರು. ನೋಡಿದೆ. ನಾನು ನನ್ನನ್ನೇ ನೋಡಿ ನಗುತ್ತಿದ್ದೆ.

ನಮ್ಮ ಮರಗಳಷ್ಟೇ ಹಾಳಾಗಿದ್ದರೆ ಅಕ್ಕನ ಬೈಗುಳ ತಿಂದುಕೊಂಡು ಬಿದ್ದಿರುತ್ತಿದ್ದೆ. ಸಂಕಟ ಬೇರೆಯದು. ಬೇಲಿಯಾಚೆ ಒಬ್ಬ ಬಡಗಿಯ ತೋಟವಿದೆ. ಕೈ ನಡುಗಿ ಗರಗಸ ಕೆಳಗಿಟ್ಟ ಮೇಲೆ ಅವನಿಗಿರುವುದು ಆ ಮೂವತ್ತು ಸೇಬಿನ ಮರಗಳೇ. ನಿಮ್ಮ ಗೋಡೆ ನೋಡಿ ಬಂದವನು ನನ್ನಂತೆಯೇ ಗೊಬ್ಬರ ನಿಲ್ಲಿಸಿದ. ಮೊನ್ನೆ ಎರಡು ಎಲೆ ಹಿಡಿದು ಬಂದ, ಒಂದು ಅವನ ತೋಟದ್ದು, ಇನ್ನೊಂದು ನಮ್ಮ ಬೇಲಿ ಬದಿಯದು. ಎರಡೂ ಒಂದೇ ಹಳದಿ. ಅವನ ಮುಖದ ತುಂಬ ಸಂತೋಷ.

“ನೋಡಿ ಅಣ್ಣಾ, ನನ್ನದೂ ನಿಮ್ಮದರ ಹಾಗೇ ಆಗ್ತಿದೆ. ಸರಿಯಾಗೇ ಮಾಡ್ತಿದೀನಿ ಅಲ್ವಾ?”

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಹೂಂ ಎಂದು ಕಳಿಸಿಬಿಟ್ಟೆ. ಒಳಗೆ ಬಂದು ಈ ಪತ್ರ ಬರೆಯಲು ಕೂತೆ.

ಆದ್ದರಿಂದ ನನ್ನ ಬೇಡಿಕೆ: ಚಿತ್ರ ಇಳಿಸಿ, ಪ್ರಶಸ್ತಿ ರದ್ದು ಮಾಡಿ, ವರದಿ ತಪ್ಪೆಂದು ಅದೇ ಗೋಡೆಗೆ ಅಂಟಿಸಿ. ಎಲೆ ಉದುರುವ ಕಾಲ ಬರುವ ಮೊದಲು ನಿಮ್ಮವರೇ ಬಂದು, ನನ್ನನ್ನು ದೂರ ನಿಲ್ಲಿಸಿ, ಎರಡೂ ತೋಟಗಳ ಸೊರಗಿದ ಮರಗಳಿಂದ ಎಲೆ ಕಿತ್ತುಕೊಳ್ಳಲಿ. ಏನು ಕೊಡಬೇಕು, ಎಷ್ಟು ಕೊಡಬೇಕು ಎಂದು ಬಾಯಿಬಿಟ್ಟು ಹೇಳಲಿ.

ಪತ್ರಿಕೆಗೆ ಕಳಿಸುವ ಮೊದಲು ಇಂದು ಬೆಳಿಗ್ಗೆ ಇದಿಷ್ಟನ್ನೂ ಬಡಗಿಯ ಮುಂದೆ ಓದಿದೆ. ಬೈಯುತ್ತಾನೆಂದು ಕಾದೆ, ಬೈಯಲಿಲ್ಲ. ತನ್ನ ಮರಗಳ ಕಡೆ ಕೈ ತೋರಿಸಿ, “ಹಾಗಾದ್ರೆ ಇವು ಉಳೀತಾವಾ?” ಎಂದು ಕೇಳಿದ. ಈ ಸಲ ನಾನು ಹೂಂ ಎನ್ನಲಿಲ್ಲ. ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.

ಇಂತಿ,
ನಿಮ್ಮ ದಾಖಲೆಯಲ್ಲಿ ಮಾತ್ರ ಒಳ್ಳೆಯ ತೋಟಗಾರ