ಕಾಣುವ ಬಟನ್ನುಗಳು

ಮಂಗಳವಾರ, ಮಾರ್ಚ್ ೧೧

ಊಟ ಸೇರಲಿಲ್ಲ. ಯಾವ ಗಿರಾಕಿಯನ್ನು ಯಾವಾಗ ಭೇಟಿಯಾಗಬೇಕೆಂದು ಗುರುತಿಟ್ಟುಕೊಳ್ಳುವ ನಮ್ಮ ಕಂಪನಿಯ ಪ್ರೋಗ್ರಾಂ ನಾಳೆ ಬಿಡುಗಡೆ. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅದರ ಬಟನ್ನುಗಳು ಆ ಕಂಪ್ಯೂಟರಿನವೇ ಅನ್ನಿಸುತ್ತವೆ. ಅಂಚು, ನೆರಳು, ಒತ್ತಿದರೆ ತಗ್ಗುವ ರೀತಿ, ಎಲ್ಲ ನಾನೇ ಬಿಡಿಸಿದ ಚಿತ್ರ. "ಹೆತ್ತವಳಿಗೂ ಗುರುತು ಸಿಗಲ್ಲ ಬಿಡು," ಎಂದಿದ್ದರು ಮ್ಯಾನೇಜರ್.

ಸಂಜೆ ಹೆಮ್ಮೆಯಿಂದ ಅದನ್ನು ಚಿಕ್ಕಪ್ಪನ ಮನೆಗೆ ಒಯ್ದು, ಅವರ ಕಂಪ್ಯೂಟರಿಗೆ ಹಾಕಿಕೊಟ್ಟೆ. ಪಿಯಾನೋ ಶ್ರುತಿ ಮಾಡುವ ಅವರಿಗೆ ಕಣ್ಣು ಕಾಣದು. ಪರದೆಯ ಮೇಲಿರುವುದನ್ನು ಅವರ ಕಂಪ್ಯೂಟರೇ ಓದಿ ಹೇಳುತ್ತದೆ. ಇವತ್ತು ಅದು ಪ್ರೋಗ್ರಾಮಿನ ಹೆಸರು ಹೇಳಿ ಸುಮ್ಮನಾಯಿತು.

"ಬಟನ್ ಎಲ್ಲಿಟ್ಟಿದ್ದೀಯ ಪುಟ್ಟಿ?"

ಆಗ ಹೊಳೆಯಿತು. ನಮ್ಮ ಕಣ್ಣಿಗೆ ಅವು ಬಟನ್ನು, ಕಂಪ್ಯೂಟರಿಗೆ ಬರೀ ಬಣ್ಣ.

ಅವರು ಕೀಬೋರ್ಡಿನ ಮೇಲೆ ಮತ್ತೆ ಮತ್ತೆ ಬೆರಳಾಡಿಸಿದರು. "ನನ್ನ ಕೈಯೇ ತಪ್ತಿರಬೇಕು. ವಯಸ್ಸಾಯ್ತಲ್ಲ," ಎಂದರು.

ಮನೆಗೆ ಬರುವ ದಾರಿಯಲ್ಲೇ ಮ್ಯಾನೇಜರಿಗೆ ಫೋನ್ ಮಾಡಿ, ಕಣ್ಣು ಕಾಣದವರಿಗೆ ಇದನ್ನು ಬಳಸಲಾಗದು, ಸರಿಮಾಡಿಯೇ ಬಿಡುಗಡೆ ಮಾಡೋಣ ಎಂದೆ.

"ಅಂಥವರು ಎಷ್ಟು ಜನ ಇರ್ತಾರಮ್ಮ? ಮುಂದಿನ ಸಲ ನೋಡೋಣ."

"ಹಾಗಾದ್ರೆ ಅದರಿಂದ ನನ್ನ ಹೆಸರು ತೆಗೆದುಬಿಡಿ ಸಾರ್."

ಅವರು ಫೋನ್ ಇಟ್ಟರು. ಕೆಲಸ ಹೋದರೆ ಹೋಗಲಿ. ತಪ್ಪು ನಿಮ್ಮದಲ್ಲ ಚಿಕ್ಕಪ್ಪ, ಎಂಬ ಒಂದು ಮಾತು ಹೇಳದೆ ಎದ್ದು ಬಂದೆನಲ್ಲ. ಚಿಕ್ಕಪ್ಪ ಹಿಡಿದ ಹಟ ಬಿಡುವವರಲ್ಲ. ಈ ಹೊತ್ತಿಗೂ ಕೂತು, ಅಲ್ಲಿ ಇಲ್ಲದ ಬಟನ್ನನ್ನು ಹುಡುಕುತ್ತಾ... ಇಲ್ಲ, ಈಗಲೇ ಫೋನ್ ಮಾಡಿ ಹೇಳಿಬಿಡುತ್ತೇನೆ.