ಯಾರೂ ಇಲ್ರಿ

ಮಾರ್ಚ್ ೯, ರವಿವಾರ. ಸವಡಿ.

ನನ್ನನ್ನು ನೋಡಲು ಗಜೇಂದ್ರಗಡದಿಂದ ಬಂದವರು ಸಂಜೆಯೇ ಹೋದರು. ಹುಡುಗನ ಚಿಗವ್ವನ ಮಾತು ಮಾತ್ರ ಹೋಗಿಲ್ಲ.

“ಬುದ್ಧಿ ಕಡಿಮಿ ಇದ್ದ ಮಕ್ಕಳಿಗೇ ಕಲಸ್ತೀನಿ ಅಂತೀಯಲ್ಲ, ಯಾಕವ್ವಾ? ನಿಮ್ಮ ಮನ್ಯಾಗ ಯಾರರ ಹಂಗ ಅದಾರೇನ?”

“ಯಾರೂ ಇಲ್ರಿ,” ಅವ್ವ ತಟ್ಟನೆ ಅಂದಳು.

ನಾನು ತಲೆ ತಗ್ಗಿಸಿ ಅವಲಕ್ಕಿ ತಟ್ಟೆಗಳನ್ನು ಎತ್ತಿದೆ. ತಂಗಿ ಗಾಳೆವ್ವನನ್ನು ಮುಂಜಾನೆಯೇ ಕಾಕಾನ ಮನೆಗೆ ಬಿಟ್ಟು ಬಂದವಳೂ ನಾನೇ. ಮೊನ್ನೆ ವಿಶೇಷ ಶಿಕ್ಷಕರ ಕೋರ್ಸಿನ ಅರ್ಜಿಯಲ್ಲಿ, ಈ ಮಕ್ಕಳಿಗೇ ಏಕೆ ಕಲಿಸಬೇಕೆಂದಿರುವಿರಿ ಎಂಬ ಪ್ರಶ್ನೆಗೆ ನಾನು ಬರೆದದ್ದು ಅವಳ ಹೆಸರು.

ಕತ್ತಲಾದ ಮೇಲೆ ಗಾಳೆವ್ವ ಬಂದಳು. ಹೊಸ್ತಿಲ ಹೊರಗೇ ನಿಂತು ಕೇಳಿದಳು: “ಅಕ್ಕಾ, ಮಂದಿ ಹೋದ್ರೇನ?” ಹೂಂ ಅಂದ ಮೇಲೆಯೇ ಒಳಗೆ ಕಾಲಿಟ್ಟಳು.

ಲಂಗದ ಲಾಡಿ ಕಟ್ಟಿಕೊಳ್ಳುವುದನ್ನು ಅವಳಿಗೆ ಕಲಿಸಲು ನನಗೆ ಎರಡು ವರ್ಷ ಹಿಡಿದಿತ್ತು. ಇದನ್ನು ಒಂದೇ ದಿನದಲ್ಲಿ ಕಲಿತಿದ್ದಾಳೆ.