ಅಮ್ಮನ ಕೆಮ್ಮು

ಮೇ 12

ಬೆಳಿಗ್ಗೆಯಿಂದ ಅಂಗಡಿಯಲ್ಲಿ ಸ್ನಾನಕ್ಕೆ ಬಂದ ನಾಯಿಗಳು. ಕರಿಯದೊಂದು ಟಬ್ಬಿನಿಂದ ಹಾರಿ ಶಾಂಪೂ ಸಮೇತ ರಸ್ತೆಗೆ ಓಡಿತು. ಹಿಂದೆ ನಾನು. ಹಿಡಿದು ತರುವಷ್ಟರಲ್ಲಿ ಅದಕ್ಕಿಂತ ಹೆಚ್ಚು ನೊರೆ ನನ್ನ ಮೈಮೇಲೆ. "ಸ್ನಾನ ಯಾರಿಗೆ ಮಾಡಿಸ್ತಿದೀಯೇ, ಅದಕ್ಕೋ ನಿನಗೋ?" ಅಂದರು ಅಂಗಡಿ ಮೇಡಂ. ಇಬ್ಬರಿಗೂ ಅಂದೆ. ನಗಲಿಲ್ಲ. ಆದರೂ ಇಲ್ಲಿಯವರೆಗೆ ಮಾಡಿದ ಕೆಲಸಗಳಲ್ಲಿ ಇದೇ ವಾಸಿ. ಯಾಕೆ ಓದು ಬಿಟ್ಟೆ ಅಂತ ನಾಯಿಗಳು ಕೇಳುವುದಿಲ್ಲ.

ಸಂಜೆ ಹಾಸ್ಟೆಲಿನಿಂದ ಅಕ್ಕ ಬಂದಳು. ಅನಿಮೇಶನ್ ಕೋರ್ಸಿನ ಕೊನೆಯ ಫಿಲ್ಮ್ ಮುಗಿಸಬೇಕಂತೆ. ಚಿಕ್ಕದು. ನಮ್ಮ ಮನೆಯದೇ ಕಥೆ, ಅಮ್ಮ ತೀರಿಹೋದ ವರ್ಷದ್ದು. ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಸದ್ದು ಇನ್ನೂ ಸೇರಿಸಿಲ್ಲ. ಬರೀ ಪೆನ್ಸಿಲ್ ಗೆರೆಗಳು. ಮಂಚದ ಮೇಲೆ ಅಮ್ಮ. ಕೆಮ್ಮಿದಾಗಲೆಲ್ಲ ಅವಳ ಗೆರೆ ಒಂದಿಷ್ಟು ತೆಳುವಾಗುತ್ತದೆ. ಕೊನೆಗೆ ಖಾಲಿ ಹಾಳೆ. ಪಕ್ಕದಲ್ಲಿ ನೀರಿನ ಲೋಟ ಹಿಡಿದು ಅಪ್ಪ. ಬಾಗಿಲ ಹತ್ತಿರ ಒಬ್ಬಳು ಹುಡುಗಿ... ಜಡೆ ಅಕ್ಕನದು.

ಚೆನ್ನಾಗಿದೆ. ಸಿಟ್ಟು ಬಂದದ್ದೇ ಅದಕ್ಕೆ.

"ಅಪ್ಪ ಆ ರೂಮಿಗೆ ಬರ್ಲೇ ಇಲ್ವಲ್ಲೇ," ಅಂದೆ.

"ಸಿನಿಮಾದಲ್ಲಾದ್ರೂ ಬರ್ಲಿ ಬಿಡೇ."

"ನಾನೆಲ್ಲಿ?"

ಅವಳು ಉಗುರು ಕಚ್ಚಿದಳು. "ಇಬ್ಬರನ್ನ ಬಿಡಿಸೋಕೆ ಟೈಮಿರ್ಲಿಲ್ಲ ಕಣೇ. ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ ಬರೀಬೇಕು. ಒಂದು ಮಗು ಸಾಕು ಅಂದ್ರು ನಮ್ಮ ಸರ್."

ಆ ಲೋಟ ಹಿಡಿದು ಕೂತವಳು ನಾನು. ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟು ಆ ಮಂಚಕ್ಕೆ ಅಂಟಿಕೊಂಡವಳು ನಾನು. ತ್ಯಾಗ ಗೀಗ ಅಂತ ಬರೆದುಕೊಳ್ಳುವುದಿಲ್ಲ. ಸ್ಕೂಲು ನನಗೆ ಹಿಡಿಸುತ್ತಲೂ ಇರಲಿಲ್ಲ. ಆದರೆ ಅಲ್ಲಿ ಇದ್ದದ್ದು ನಾನು. ಅಪ್ಪ ರೂಮಿನ ಹೊರಗೆ, ತಾರಸಿಗೆ ಹೋಗುವ ಮೆಟ್ಟಿಲ ಮೇಲೆ. ದಿನವಿಡೀ ಊರಿನ ಲಿಫ್ಟುಗಳನ್ನು ರಿಪೇರಿ ಮಾಡುವ ಮನುಷ್ಯ ಮನೆಗೆ ಬಂದರೆ ಮೆಟ್ಟಿಲು ಬಿಟ್ಟು ಏಳುತ್ತಿರಲಿಲ್ಲ.

ಮೇ 13

ಅಕ್ಕನಿಗೆ ಕೆಮ್ಮು ಬೇಕಂತೆ. "ನಿನ್ನ ಗಂಟಲು ಅಮ್ಮನದೇ ಕಣೇ. ಪ್ಲೀಸ್." ಮಗುವಾಗಿ ಜಾಗವಿಲ್ಲ, ಕೆಮ್ಮಾಗಿ ಇದೆ!

ರೂಮಿನಲ್ಲಿ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ, ಬಟ್ಟೆ ತುಂಬಿದ ಬೀರುವಿನೊಳಗೆ ಕೂತರೆ ಬರುವುದಿಲ್ಲ ಅಂದಳು. ನಮ್ಮಲ್ಲಿ ಬಟ್ಟೆ ತುಂಬಿದ ಬೀರು ಒಂದೇ. ಅಮ್ಮನದು. ಅಪ್ಪ ಯಾರಿಗೂ ಕೊಡಲು ಬಿಟ್ಟಿಲ್ಲ.

ಮೊಣಕಾಲು ಮಡಚಿ ಒಳಗೆ ಕೂತೆ. ಮುಖದ ತುಂಬ ಅವಳ ಬಟ್ಟೆ. ಮೊದಲು ಬಂದದ್ದು ನಾಟಕದ ಕೆಮ್ಮು. ಆಮೇಲೆ ಹೇಗೋ ಅವಳದೇ ಬಂತು — ಮೊದಲು ಸಣ್ಣದು, ನಡುವೆ ತಡೆದುಕೊಳ್ಳಲು ನೋಡುವುದು, ಆಗದೆ ಒಡೆಯುವುದು. ಹೊರಗೆ ಅಕ್ಕ ಹೆಡ್‌ಫೋನ್ ಕಿತ್ತಿಟ್ಟ ಸದ್ದು. "ಸಾಕು... ಸಾಕು ಬಾರೇ."

ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಜೂನ್ 2

ಇವತ್ತು ಅಕ್ಕನ ಕಾಲೇಜಿನಲ್ಲಿ ಶೋ. ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಸಿನಿಮಾ ಯಾವುದರ ಬಗ್ಗೆ ಅಂತ ಅಕ್ಕ ಹೇಳಿರಲಿಲ್ಲ.

ದೀಪ ಆರಿತು. ಮಂಚ, ಕಿಟಕಿ, ಅಮ್ಮ. ಕೆಮ್ಮು ಶುರುವಾಯಿತು. ನನ್ನದು.

ಅಪ್ಪ ಎದ್ದು ನಿಂತರು. ಕೈಯಲ್ಲಿ ನೀರಿನ ಬಾಟಲಿ. ಮುಚ್ಚಳ ತೆಗೆದಾಗಿತ್ತು. ಸಾಲಿನಲ್ಲಿ ಕೂತವರ ಕಾಲು ತುಳಿದುಕೊಂಡು ನಡುವಿನ ದಾರಿಗೆ ಹೋದರು. "ಕೂತ್ಕೊಳ್ರೀ," ಅಂತ ಹಿಂದಿನವರು ಯಾರೋ. ನಾಲ್ಕು ಹೆಜ್ಜೆ ಪರದೆಯ ಕಡೆ ನಡೆದರು. ಆಮೇಲೆ ತಿಳಿಯಿತು ಅನಿಸುತ್ತದೆ. ಅಲ್ಲೇ ನಿಂತರು, ಮುಗಿಯುವವರೆಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ವಾಲಿದ ಬಾಟಲಿಯಿಂದ ಬೂಟಿನ ಮೇಲೆ ನೀರು ಸುರಿಯುತ್ತಿತ್ತು.

ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಅಳುತ್ತಿದ್ದಳು. ನಾನು ಅಳಲಿಲ್ಲ. ಮಂಚದ ಪಕ್ಕ ಇನ್ನೂ ನನ್ನನ್ನೇ ಹುಡುಕುತ್ತಿದ್ದೆ.

ಹೊರಗೆ ಬಂದಾಗ ಅಪ್ಪ ಕೇಳಿದ್ದು ಒಂದೇ. "ಅದು ಅವಳ ಕೆಮ್ಮೇ. ಎಲ್ಲಿ ಸಿಕ್ತು ನಿಮಗೆ?"

"ಹಳೇ ಫೋನಲ್ಲಿತ್ತಪ್ಪಾ," ಅಂದಳು ಅಕ್ಕ. ಕಣ್ಣು ಮಿಟುಕಿಸದೆ.

ಅವಳ ಕಾಲು ತುಳಿದೆ. ಅವಳು ನನ್ನದನ್ನು ಇನ್ನೂ ಜೋರಾಗಿ ತುಳಿದಳು.

ಜೂನ್ 10

ಫಿಲ್ಮ್ ಈಗ ಅಪ್ಪನ ಫೋನಿನಲ್ಲಿದೆ. ಕೆಲಸದಿಂದ ಬಂದವರೇ ಮೆಟ್ಟಿಲ ಮೇಲೆ ಕೂತು ಆ ತುಣುಕನ್ನೇ ಹಾಕುತ್ತಾರೆ. ಅಡುಗೆಮನೆಯಲ್ಲಿ ನಿಂತು ನನ್ನ ಕೆಮ್ಮು ನಾನೇ ಕೇಳುತ್ತೇನೆ.

ಇವತ್ತು ಕೆಳಮನೆ ಟೈಲರ್ ಆಂಟಿಗೂ ತೋರಿಸುತ್ತಿದ್ದರು. "ಕೊನೇವರೆಗೂ ಪಕ್ಕದಲ್ಲೇ ಇದ್ದೆ, ನೋಡಿ."

"ಪುಣ್ಯ ಮಾಡಿದ್ರು ಬಿಡಿ ಅವರು. ನಮ್ಮನೆಯವರಿಗೆ ನಾನು ಕೆಮ್ಮಿದ್ರೆ ಟೀವಿ ಕೇಳಿಸಲ್ಲ ಅಂತ ಕೋಪ," ಅಂದರು ಆಂಟಿ. ಇಬ್ಬರೂ ನಕ್ಕರು.

ಒದ್ದೆ ನಾಯಿಯ ವಾಸನೆ ಹೊತ್ತು ಮೇಲೆ ಬರುತ್ತಿದ್ದ ನಾನು ಮಧ್ಯದಲ್ಲೇ ನಿಂತೆ. ಸುಳ್ಳು ಹೇಳುವಾಗ ಅಪ್ಪ ಕಿವಿ ಉಜ್ಜಿಕೊಳ್ಳುತ್ತಾರೆ. ಉಜ್ಜಿಕೊಳ್ಳಲಿಲ್ಲ. ನಂಬಿಬಿಟ್ಟಿದ್ದಾರೆ... ಇದಕ್ಕಿಂತ ಸುಳ್ಳೇ ಹೇಳಿದ್ದರೆ ವಾಸಿಯಿತ್ತು.

ಜೂನ್ 18

ಮೇಜಿನ ಖಾನೆ ಕೆದಕಿ ಅಮ್ಮನ ಹಳೆಯ ಫೋನು ಹುಡುಕಿ ತೆಗೆದಿದ್ದಾರೆ ಅಪ್ಪ. ಜೀವ ಇಲ್ಲ ಅದಕ್ಕೆ. ರಿಪೇರಿ ಅಂಗಡಿಗೆ ಕೊಟ್ಟು ಬಂದರಂತೆ.

"ಯಾಕಪ್ಪಾ?"

"ಕೆಮ್ಮು ನಿಂತ ಮೇಲೆ ಏನೋ ಹೇಳ್ತಿದ್ಳಲ್ಲ. ಬಾಗಿಲಾಚೆಗೆ ಸರಿಯಾಗಿ ಕೇಳಿಸ್ತಿರ್ಲಿಲ್ಲ. ಅದರಲ್ಲಿರುತ್ತೆ."

ಬಾಗಿಲಾಚೆ. ಅಂದರೆ ಮರೆತಿಲ್ಲ. ಮೆಟ್ಟಿಲನ್ನೂ ಸಿನಿಮಾವನ್ನೂ, ಎರಡನ್ನೂ ಇಟ್ಟುಕೊಂಡಿದ್ದಾರೆ.

ಅಕ್ಕನಿಗೆ ಫೋನ್ ಮಾಡಿದೆ. ಹೆದರಿದಳು. ಆಮೇಲೆ ಅವಳ ತಲೆ ಓಡಿತು. "ಇನ್ನೊಂದು ಸಲ ಬೀರೊಳಗೆ ಕೂರೇ. ಒಂದೇ ಮಾತು. ಊಟ ಮಾಡಿದ್ರಾ ಅಂತಲೋ ಏನೋ."

"ಅಮ್ಮ ಹಾಗನ್ಲಿಲ್ಲ."

"ಏನಂದ್ಳೋ ಅದನ್ನೇ ಹೇಳು ಹಾಗಾದ್ರೆ."

ಏನಂದಳು ಅಂತ ಕೇಳಲಿಲ್ಲ ಅವಳು. ಯಾವತ್ತೂ ಕೇಳಿಲ್ಲ. ಫೋನ್ ಇಟ್ಟೆ.

ಜೂನ್ 20

ಇದರಲ್ಲಿ ಏನೂ ಉಳಿದಿಲ್ಲ ಅಂದನಂತೆ ರಿಪೇರಿಯವನು. ಅಪ್ಪ ಬಿಡುವವರಲ್ಲ. ಪೇಟೆಯಲ್ಲಿ ಇನ್ನೂ ದೊಡ್ಡ ಅಂಗಡಿ ಇದೆಯಂತೆ, ನಾಳೆ ರಜ ಹಾಕುತ್ತಾರಂತೆ. ನೆಲದ ಮೇಲೆ ಕೂತು ಸ್ಪ್ಯಾನರುಗಳನ್ನು ಒರೆಸುತ್ತಿದ್ದರು. ಖುಷಿಯಾಗಿದ್ದರು. ಅದನ್ನು ನೋಡಲಾಗಲಿಲ್ಲ.

"ಅಪ್ಪಾ, ಆ ಕೆಮ್ಮು ನಂದು. ಅಕ್ಕ ರೆಕಾರ್ಡ್ ಮಾಡ್ಕೊಂಡ್ಳು."

ನಕ್ಕರು. "ಮೋಟಾರಿನ ಸದ್ದು ಕೇಳಿ ಯಾವ ಬೇರಿಂಗ್ ಹೋಗಿದೆ ಅಂತ ಹೇಳ್ತೀನಿ ನಾನು. ಅವಳ ಕೆಮ್ಮು ಗೊತ್ತಾಗಲ್ವಾ ನಂಗೆ? ಹೋಗೇ."

ಕೆಮ್ಮಿದೆ. ಅವರ ಎದುರಿಗೇ.

ಸಣ್ಣದು, ತಡೆದದ್ದು, ಒಡೆದದ್ದು.

ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು, ಸದ್ದಾಗದ ಹಾಗೆ. ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನೊಳಗಿಂದ ಜನ ನೋಡುವ ಹಾಗೆ ನನ್ನನ್ನು ನೋಡಿದರು. ಎದ್ದು ಮೆಟ್ಟಿಲಿಗೆ ಹೋದರು.

ಜೂನ್ 21

ಮಾತಿಲ್ಲ.

ಜೂನ್ 24

ಮಾತಿಲ್ಲ. ಫೋನಿನಲ್ಲಿ ಅಕ್ಕನ ಕೂಗಾಟ. "ನಿಜ ಹೇಳಿ ಏನು ಕಟ್ಕೊಂಡೆ? ಇದ್ದ ಒಂದನ್ನೂ ಕಿತ್ಕೊಂಡೆ ಅವರಿಂದ." ನಿಜವಿರಬಹುದು ಅವಳು ಹೇಳಿದ್ದು.

ಅಂಗಡಿಯಲ್ಲಿ ಒಂದು ಮುದಿ ನಾಯಿ ಕಚ್ಚಿತು. ಒಂದು ರೀತಿಯಲ್ಲಿ ಹಾಯೆನಿಸಿತು. ಸಿಟ್ಟು ಬಂತು, ಕಚ್ಚಿತು, ಮುಗಿಯಿತು.

ಜುಲೈ 3, ಸಂಜೆ

ಕೆಲಸದಿಂದ ಬಂದಾಗ ಅಪ್ಪ ಮೆಟ್ಟಿಲ ಮೇಲಿದ್ದರು. ಕೈಯಲ್ಲಿ ಫೋನಿಲ್ಲ. ದಾಟಿ ಹೋಗುತ್ತಿದ್ದೆ. ಸ್ವಲ್ಪ ಸರಿದು ಜಾಗ ಮಾಡಿದರು. ಕೂತೆ.

"ಕೆಮ್ಮು ನಿಂತ ಮೇಲೆ ಏನನ್ನೋಳು?" ಅಂದರು. "ನೀನಿದ್ಯಲ್ಲ ಒಳಗೆ."

ನೀನಿದ್ಯಲ್ಲ. ಅದನ್ನು ಹೇಳಿದ ಮೊದಲನೆಯವರು.

ಒಂದು ಮಾತು ಸೇರಿಸಲಿಲ್ಲ, ಒಂದು ಮಾತು ಬಿಡಲಿಲ್ಲ. "‘ಅವರು ಇದಾರಾ?’ ಅನ್ನೋಳು. ಇದಾರಮ್ಮ, ಮೆಟ್ಟಿಲ ಮೇಲೆ, ಕರೀಲಾ ಅಂದ್ರೆ, ‘ಬೇಡ ಬಿಡೇ, ಹೆದರ್ತಾರೆ. ಎದ್ದು ಹೋಗದಿದ್ರೆ ಸಾಕು’ ಅನ್ನೋಳು."

"ದಿನಾ?"

"ದಿನಾ."

ಅಂಗೈಯಿಂದ ಮೊಣಕಾಲು ತಿಕ್ಕಿಕೊಳ್ಳುತ್ತ ಕೂತರು. ಕೆಳಗೆ ಆಂಟಿಯ ಹೊಲಿಗೆ ಮಿಷನ್ನು ಓಡುತ್ತಿತ್ತು, ನಿಲ್ಲುತ್ತಿತ್ತು.

"ಅವಳ ಥರಾನೇ ಹೇಳು," ಅಂದರು.

"ಅಪ್ಪಾ, ಅದು ನಾನೇ ಆಗಿರುತ್ತೆ. ಅಮ್ಮ ಅಲ್ಲ."

"ಗೊತ್ತು. ಹೇಳು."

ಕಣ್ಣು ಮುಚ್ಚಿಕೊಂಡರು. ಬರೀ ಮಾತು ಬರಲಿಲ್ಲ ನನಗೆ. ಮೊದಲು ಕೆಮ್ಮಬೇಕಾಯಿತು. ಕೆಮ್ಮಿ, ಉಸಿರು ತಿರುಗಲು ಬಿಟ್ಟು, ಅವಳು ಕೇಳುತ್ತಿದ್ದ ಹಾಗೆ, ಗೋಡೆಯ ಕಡೆ ಮುಖ ಮಾಡಿ ಕೇಳಿದೆ — "ಅವರು ಇದಾರಾ?"

"ಇದೀನಿ ಕಣೇ," ಅಂದರು ಅಪ್ಪ. "ಇಲ್ಲೇ ಇದೀನಿ."

ಅಮ್ಮನ ಮಾತು ಇನ್ನೂ ಅರ್ಧ ಉಳಿದಿತ್ತು. ಅದನ್ನು ಹೇಳಲು ಬಾಯಿ ತೆರೆದೆ, ಆದರೆ ಅಪ್ಪ ಆಗಲೇ ನೀರು ತರಲು ಒಳಗೆ ಹೊರಟಿದ್ದರು.